ದೋಣಿಯ ಹೊಟ್ಟೆಗೆ ಹನ್ನೆರಡು ತೂತು

ಮುಕ್ಕುಂದದ ಹೆಣ್ಣುಮಗಳೊಬ್ಬಳು ಸಿಂಧನೂರಿನ ನನ್ನ ತಗಡಿನ ಅಂಗಡಿಗೆ ಬಂದು, ದೋಣಿಯೊಳಗೆ ಕೂಡಿಸುವಂಥ, ಹಿಡಿದ ಮೀನು ಸಾಯದೆ ಉಳಿಯುವಂಥ ಒಂದು ತೊಟ್ಟಿ ಮಾಡಿಕೊಡುತ್ತೀರಾ ಎಂದು ಕೇಳಿದಾಗ ನಾನು ಆಯಿತು ಎಂದೆ. ಮೀನಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ದೋಣಿ ಹತ್ತಿದವನೂ ಅಲ್ಲ. ಕಾಳಿನ ಡಬ್ಬ, ಬಕೆಟ್, ಎಣ್ಣೆ ಅಳೆಯುವ ಮಾಪು, ಟ್ರ್ಯಾಕ್ಟರ್ ಟ್ರೇಲರಿನ ಪಕ್ಕದ ತಗಡು, ಇವು ನನ್ನ ಕೆಲಸ. ಆದರೂ ಆಯಿತು ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಆಯಿತು ಎನ್ನುತ್ತಿದ್ದೆ. ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ, ಅದಕ್ಕೆ ಮತ್ತೆ ಮಾತಾಡಬೇಕು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಏಪ್ರಿಲ್ ತಿಂಗಳು. ಫೆಬ್ರವರಿಯಲ್ಲಿ ನನ್ನ ಹೆಂಡತಿ ಕಾಮಾಲೆಯಾಗಿ ಹದಿನೆಂಟು ದಿನ ಮಲಗಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ದಿನಕರ್ಮ ಮುಗಿದ ಮರುದಿನವೇ ಅಂಗಡಿ ತೆಗೆದೆ. ಅಳು ಬಂದಿರಲಿಲ್ಲ. ನೆಂಟರು ಅದನ್ನು ಗಟ್ಟಿ ಮನಸ್ಸು ಎಂದರು. ಗಟ್ಟಿತನವೇನೂ ಅಲ್ಲ. ಕೈಗಳು ಕೆಲಸ ಮಾಡುತ್ತಿದ್ದವು, ನಾನು ಅವನ್ನು ನೋಡುತ್ತ ಕೂತಿರುತ್ತಿದ್ದೆ.

ಆಕೆ ಮತ್ತು ಆಕೆಯ ಗಂಡ ತುಂಗಭದ್ರೆಯಲ್ಲಿ ಮೀನು ಹಿಡಿಯುವವರು. ಬೇಸಿಗೆಯಲ್ಲಿ ಹೊಳೆ ಬಡವಾಗಿ, ದೋಣಿ ಹಾಯುವಷ್ಟು ನೀರಿದ್ದರೂ ಆಳವಿರುವುದು ಅಲ್ಲಲ್ಲಿ ಮಡುಗಳಲ್ಲಷ್ಟೇ. ಒಳ್ಳೆಯ ಮೀನಿರುವ ಮಡು ಊರಿಂದ ಮೇಲಕ್ಕೆ ಎರಡು ತಾಸಿನ ದಾರಿ. ನಸುಕಿನಲ್ಲಿ ಬಲೆ ಎತ್ತಿ ತಿರುಗಿ ಬರುವಷ್ಟರಲ್ಲಿ ಬಿಸಿಲು ಏರಿ, ದೋಣಿಯ ತಳದಲ್ಲಿ ಬಿದ್ದ ಮೀನು ಸತ್ತು ಮೆತ್ತಗಾಗಿರುತ್ತಿತ್ತು. ಅದನ್ನು ಬುಟ್ಟಿಗೆ ಹಾಕಿ ಬಸ್ಸಿನಲ್ಲಿ ಮಸ್ಕಿ ಸಂತೆಗೆ ಒಯ್ದರೆ ಕೊಳ್ಳುವವರು ಕಣ್ಣು ನೋಡಿ ಮುಂದೆ ಹೋಗುತ್ತಿದ್ದರು. ಎಷ್ಟೋ ಸಲ ಬುಟ್ಟಿಗಟ್ಟಲೆ ಮೀನನ್ನು ಹಳ್ಳದ ದಂಡೆಯಲ್ಲಿ ಹೂತು ಬಂದಿದ್ದೇನೆ ಎಂದಳು. ಈಗ ವಳಕಮದಿನ್ನಿಯ ಆಚೆಯ ಕ್ಯಾಂಪಿನ, ಎಂದರೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆಯುವವರು ನೆಲೆಸಿದ ಊರಿನ, ಹಿರಿಯರೊಬ್ಬರು ಮಗಳ ಮದುವೆಯ ಊಟಕ್ಕೆ ಇಪ್ಪತ್ತು ಗೆಂಡೆ ಮೀನು ಬೇಕು, ಆದರೆ ಜೀವಂತ ಬೇಕು ಎಂದಿದ್ದರು. ತಂದುಕೊಟ್ಟರೆ ಮುಂದೆಯೂ ವಾರವಾರ ದಂಡೆಗೇ ಬಂದು ಕೊಳ್ಳುತ್ತೇವೆ ಎಂದಿದ್ದರು. ಮದುವೆಗೆ ಹತ್ತೊಂಬತ್ತು ದಿನ ಉಳಿದಿತ್ತು.

ಮರುದಿನ ಬಸ್ಸಿನಲ್ಲಿ ಮುಕ್ಕುಂದಕ್ಕೆ ಹೋಗಿ ದೋಣಿ ಅಳೆದೆ. ಹಳೆಯ ಹಲಗೆಯ ದೋಣಿ, ನೀರು ಕುಡಿದು ಕಲ್ಲಿನಂತೆ ಭಾರವಾಗಿತ್ತು. ಉದ್ದ ಹದಿನಾಲ್ಕು ಅಡಿ, ತಳದ ಅಗಲ ಮೂರೂಕಾಲು, ಪಕ್ಕದ ಎತ್ತರ ಒಂದೂಮುಕ್ಕಾಲು ಅಡಿ. ಪಕ್ಕದ ಹಲಗೆಗಳು ಬಾಗಿದ್ದರಿಂದ ಕಬ್ಬಿಣದ ಅಳತೆಪಟ್ಟಿ ಸರಿಹೋಗಲಿಲ್ಲ. ಹುರಿಯನ್ನು ಒತ್ತಿ ಹಿಡಿದು ಗಂಟು ಹಾಕಿ ಅಳತೆ ತೆಗೆದುಕೊಂಡೆ. ಆಕೆಯ ಗಂಡ ನನಗಿಂತ ಹತ್ತು ವರ್ಷ ದೊಡ್ಡವನು, ಸಣಕಲು ಮೈ, ಮಾತು ಕಡಿಮೆ. ಮುಂದೆ ಬಲೆ ಇರುತ್ತದೆ, ನಡುವೆ ಹೆಂಡತಿ ಕೂರುತ್ತಾಳೆ, ಹಿಂದೆ ನಿಂತು ನಾನು ಗಳ ಹಾಕಿ ದೋಣಿ ನೂಕುತ್ತೇನೆ, ನನ್ನ ಮುಂದೆ ಮಾತ್ರ ಜಾಗ ಇದೆ ಎಂದ. ಹಾಗಾದರೆ ತೊಟ್ಟಿ ಅಲ್ಲೇ ಎಂದೆ. ಖಾಲಿ ಜಾಗ ಎಲ್ಲಿದೆಯೋ ಅಲ್ಲಿಡುವುದು ಮನೆಯ ಸಾಮಾನಿಗೆ ಸರಿ, ದೋಣಿಗಲ್ಲ. ಅದು ನನಗೆ ಹೊಳೆಯಲಿಲ್ಲ.

ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಹೊಸ ಸತುವಿನ ತಗಡು ಕತ್ತರಿಸಿ, ಅಂಚು ಮಡಿಸಿ, ಒಂದಕ್ಕೊಂದು ಕೊಕ್ಕೆ ಹಾಕಿ ಬಡಿದು, ಸಂದಿಗೆಲ್ಲ ಬೆಸುಗೆ ಓಡಿಸಿದೆ. ಬೆಸುಗೆ ಹಿಡಿಯಬೇಕಾದರೆ ಮೊದಲು ತಗಡಿಗೆ ತೇಜಾಬು, ಅಂದರೆ ಆಸಿಡ್, ಸವರಬೇಕು. ಹಳೆಯ ಬ್ಯಾಟರಿ ಸೆಲ್ಲಿನ ಸತುವಿನ ಚೂರು ಹಾಕಿ ಅದರ ಉರಿ ತಗ್ಗಿಸಿಕೊಂಡು, ಕೋಳಿ ಪುಕ್ಕದಿಂದ ಸವರುವುದು ನಮ್ಮ ರೂಢಿ. ಕೆಲಸ ಮುಗಿದ ಮೇಲೆ ಬಿಸಿನೀರಿನಿಂದ ತಿಕ್ಕಿ ತೊಳೆಯಬೇಕು. ಬಕೆಟ್ಟಾಗಿದ್ದರೆ ತೊಳೆಯುತ್ತಿದ್ದೆ. ಇದನ್ನು ಒಂದು ಒದ್ದೆ ಅರಿವೆಯಿಂದ ಒರೆಸಿ ಬಿಟ್ಟೆ. ಹೇಗೂ ನೀರು ತುಂಬುವುದೇ ಅಲ್ಲವೇ ಎಂದುಕೊಂಡೆ.

ತೊಟ್ಟಿಯನ್ನು ಬಸ್ಸಿನ ಮೇಲೆ ಕಟ್ಟಿ ಒಯ್ದು ದೋಣಿಯ ಹಿಂಬದಿಯಲ್ಲಿ ಅಡ್ಡಲಾಗಿ ಕೂಡಿಸಿದೆವು. ಸೀಮೆಎಣ್ಣೆ ಡಬ್ಬದಿಂದ ನೀರು ತುಂಬಿದಾಗ ಹದಿನಾಲ್ಕು ಡಬ್ಬ ಹಿಡಿಯಿತು. ಒಂದು ಡಬ್ಬಕ್ಕೆ ಹದಿನೆಂಟು ಲೀಟರ್ ಎಂಬುದು ನನಗೆ ಬಾಯಿಪಾಠ. ನಾಲ್ಕು ಆಳುಗಳನ್ನು ದೋಣಿಯ ಬಾಲದ ಮೇಲೆ ಕೂಡಿಸಿದಷ್ಟು ಭಾರ ಎಂದು ಮಾತ್ರ ಲೆಕ್ಕ ಹಾಕಲಿಲ್ಲ. ದಂಡೆಯ ಹತ್ತಿರ ಇದ್ದಾಗಲೇ ದೋಣಿ ಮೂತಿ ಎತ್ತಿತ್ತು. ಆತ ಗಳ ಹಾಕುತ್ತ ಏನೋ ಗೊಣಗಿದ. ಆಕೆ ಮುಂದಕ್ಕೆ ಸರಿದು ಕೂತಳು. ನಾನು ತೊಟ್ಟಿಯ ಪಕ್ಕ ಕೂತಿದ್ದೆ.

ಮಡುವಿನ ನಡುವೆ ಆತ ತಿರುವಿಗೆಂದು ಗಳ ಒತ್ತಿದಾಗ ದೋಣಿ ಒಂದು ಬದಿಗೆ ವಾಲಿತು. ತೊಟ್ಟಿಯ ನೀರೆಲ್ಲ ಆ ಬದಿಗೇ ನುಗ್ಗಿತು. ನೀರು ನುಗ್ಗಿದ್ದಕ್ಕೆ ದೋಣಿ ಇನ್ನಷ್ಟು ವಾಲಿತು. ಹಿಂಬದಿಯ ಅಂಚು ಹೊಳೆಯ ಮಟ್ಟಕ್ಕೆ ಬಂದು, ನೀರು ಸದ್ದಿಲ್ಲದೆ ಒಳಗೆ ಇಳಿಯತೊಡಗಿತು. ಅಂಚು ಹಿಡಿದುಕೊಳ್ಳಿ ಎಂದು ಆಕೆ ಕೂಗುತ್ತಿದ್ದಳು. ಕೇಳಿಸುತ್ತಿತ್ತು. ನೀರು ನನ್ನ ಮೊಣಕಾಲು ದಾಟಿ ತೊಡೆಗೆ ಬಂತು, ತಣ್ಣಗಿತ್ತು. ನನ್ನ ಎರಡೂ ಕೈ ತೊಡೆಯ ಮೇಲೇ ಇದ್ದವು. ಆಕೆ ಬಂದು, ಮೊದಲೇ ವಾಲಿದ್ದ ತೊಟ್ಟಿಯನ್ನು ಕಾಲಿಂದ ಒತ್ತಿ ಉರುಳಿಸಿ ನೀರು ಹೊರಗೆ ಚೆಲ್ಲಿದಳು, ಆತ ಹೊಳೆಗೆ ಹಾರಿ ದೋಣಿಯನ್ನು ಎದೆಮಟ್ಟದ ನೀರಿಗೆ ತಳ್ಳಿದ. ಅಷ್ಟರಲ್ಲಿ ಮುಳುಗುವುದು ನಿಂತಿತು.

ದಂಡೆಯ ಮೇಲೆ ಬಟ್ಟೆ ಹಿಂಡಿಕೊಳ್ಳುತ್ತ ಕೂತಾಗ ಆತ ಕೇಳಿದ.

"ಈಜು ಬರ್ತೈತೇನ್ರಿ ಮಿಸ್ತ್ರಿ?"

ಇಲ್ಲ ಎಂದೆ.

"ಮತ್ತ ಯಾಕ ಹಿಡ್ಕೊಳ್ಳಿಲ್ರಿ? ನೀರು ಒಳಗ ಬರಾಕತ್ತಿದ್ರೂ ಸುಮ್ನ ಕುಂತಿದ್ರಿ."

ಆಗ ಗಮನಿಸಿದ್ದು ಒಂದೇ: ನನ್ನ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಆಕೆ ನನ್ನನ್ನೇ ನೋಡುತ್ತಿದ್ದಳು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ, ಹೆಂಡತಿ ಇದ್ದಳು, ಹೋದಳು, ಎರಡು ತಿಂಗಳಾಯಿತು ಎಂದೆ. ಇದನ್ನು ನಾನು ಬಸ್ಸಿನ ವೇಳೆ ಹೇಳುವಂತೆ ಹೇಳಿದೆ. ಆಕೆ ಅಯ್ಯೋ ಪಾಪ ಎನ್ನಲಿಲ್ಲ. ಸೆರಗು ಹಿಂಡುತ್ತ ಅಂದಳು:

"ನಾಳಿಂದ ಖಾಲಿ ಡಬ್ಬಿ ಮೈಗೆ ಕಟ್ಕೊಂಡ್ರ ಅಷ್ಟ ನನ್ನ ದೋಣಿ ಹತ್ತಬೇಕು ತಮ್ಮಾ. ಇಲ್ಲಾಂದ್ರ ದಂಡಿ ಮ್ಯಾಲ ಕುಂದ್ರು."

ಆಯಿತು ಎಂದೆ. ಅಂಗಡಿಗೆ ಹೋಗಿ ಎರಡು ಎಣ್ಣೆ ಡಬ್ಬಗಳ ಬಾಯಿಗೆ ತಗಡಿಟ್ಟು ಬೆಸೆದು, ನೀರಿನ ಟಾಕಿಯಲ್ಲಿ ಮುಳುಗಿಸಿ ಗುಳ್ಳೆ ಬರುವುದಿಲ್ಲ ಎಂದು ನೋಡಿ, ಹಗ್ಗ ಹಾಕಿದೆ. ಅಲ್ಲಿಂದ ಮುಂದೆ ದೋಣಿ ಹತ್ತಿದಾಗಲೆಲ್ಲ ಎದೆಗೊಂದು ಬೆನ್ನಿಗೊಂದು ಡಬ್ಬ ಕಟ್ಟಿಕೊಂಡೇ ಕೂತೆ. ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ನೋಡಿ ನಗುತ್ತಿದ್ದರು.

ಎರಡನೆಯ ಸಲ ಅವಸರ ಮಾಡಲಿಲ್ಲ. ತೊಟ್ಟಿಯನ್ನು ದಂಡೆಯಲ್ಲೇ ಬಿಟ್ಟು, ಅದರ ಭಾರದಷ್ಟು ಮರಳನ್ನು ಏಳು ಗೊಬ್ಬರದ ಚೀಲಗಳಲ್ಲಿ ತುಂಬಿದೆವು. ದೋಣಿಯ ಹೊರಮೈಗೆ ಮುಂದೆ, ಹಿಂದೆ, ಎಡ, ಬಲ ನಾಲ್ಕು ಕಡೆ ಸುಣ್ಣದ ಗೆರೆ ಹಾಕಿದೆ. ಆತ ಹಿಂದೆ ಗಳ ಹಿಡಿದು ನಿಂತ, ಆಕೆ ತನ್ನ ಜಾಗದಲ್ಲಿ ಕೂತಳು, ಬಲೆ ಮುಂದೆ ಇಟ್ಟರು. ನಾನು ಸೊಂಟಮಟ್ಟದ ನೀರಿನಲ್ಲಿ ನಿಂತು ಚೀಲಗಳನ್ನು ಒಂದೊಂದು ಮೊಳ ಸರಿಸುತ್ತ ಪ್ರತಿ ಸಲ ನಾಲ್ಕೂ ಗೆರೆಗಳಿಂದ ನೀರು ಎಷ್ಟು ಬೆರಳು ಕೆಳಗಿದೆ ಎಂದು ನೋಡಿದೆ. ಚೀಲಗಳು ಹಿಂದಿದ್ದಾಗ ಮೂತಿ ಎತ್ತಿತು. ಪೂರಾ ಮುಂದಿಟ್ಟರೆ ಮೂತಿ ನೀರು ಅಗೆಯಿತು, ಗಳಕ್ಕೆ ದೋಣಿ ತಿರುಗಲೇ ಇಲ್ಲ. ಮಧ್ಯದ ಅಡ್ಡಹಲಗೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟಾಗ ನಾಲ್ಕೂ ಗೆರೆ ಸಮ ಬಂದವು. ಹಿಂದೆ ನಿಂತ ಆಳಿನ ಭಾರಕ್ಕೆ ಆ ಒಂದು ಗೇಣು ಸರಿಯಾಗುತ್ತಿತ್ತು. ಅಲ್ಲಿ ಕೂರುತ್ತಿದ್ದ ಆಕೆ ಹಿಂದಕ್ಕೆ ಸರಿದಳು.

ತೊಟ್ಟಿಯನ್ನು ಈ ಸಲ ಅಡ್ಡ ಇಡದೆ ದೋಣಿಯ ಉದ್ದಕ್ಕೆ ಇಟ್ಟೆವು. ಅಗಲ ಕಡಿಮೆಯಾದಷ್ಟೂ ನೀರು ಪಕ್ಕಕ್ಕೆ ಓಡುವುದು ಕಡಿಮೆ. ಒಳಗೆ ನಡುವೆ ಉದ್ದಕ್ಕೆ ಒಂದು ತಡೆ ಹಾಕಿ, ಅದರಲ್ಲಿ ಬೆರಳು ತೂರುವಷ್ಟು ತೂತು ಕೊರೆದೆ. ಮುಚ್ಚಳ ಮಾಡಿದೆ. ಕಂಠಮಟ್ಟ ತುಂಬಿ ಮುಚ್ಚಿದರೆ ನೀರಿಗೆ ಅಲುಗಾಡಲು ಜಾಗವೇ ಇರುವುದಿಲ್ಲ; ಅರ್ಧ ತುಂಬಿದ ತೊಟ್ಟಿಯೇ ಎಲ್ಲಕ್ಕಿಂತ ಅಪಾಯ ಎಂಬುದು ಆಗ ತಿಳಿಯಿತು. ದೋಣಿ ಮಡುವನ್ನು ಎರಡು ಸಲ ಸುತ್ತಿ ಬಂತು. ಆತ ಬೇಕೆಂದೇ ಒಂದು ಬದಿಗೆ ತುಳಿದು ನೋಡಿದ. ದೋಣಿ ವಾಲಿ ತಾನೇ ಎದ್ದು ನಿಂತಿತು.

ಮರುದಿನ ಅವರಿಬ್ಬರೇ ಮೇಲಿನ ಮಡುವಿಗೆ ಹೋದರು. ನಾನು ದಂಡೆಯ ಜಾಲಿಗಿಡದ ನೆರಳಲ್ಲಿ ಕೂತಿದ್ದೆ. ಹತ್ತು ಗಂಟೆಗೆ ತಿರುಗಿ ಬಂದರು. ಮುಚ್ಚಳ ತೆಗೆದರೆ ಹನ್ನೊಂದು ಗೆಂಡೆಗಳೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕಿವಿರುಗಳ ಮೇಲೆ ಬಿಳಿ ಲೋಳೆ ಕೂತಿತ್ತು. ಹಾಕಿದ ಸ್ವಲ್ಪ ಹೊತ್ತಿಗೇ ಒಂದೊಂದಾಗಿ ಸತ್ತವು, ಬರಿ ನೆಲದ ಮೇಲೆ ಬಿಟ್ಟಿದ್ದರೆ ಇದಕ್ಕಿಂತ ಹೆಚ್ಚು ಹೊತ್ತು ಬದುಕುತ್ತಿದ್ದವು ಎಂದು ಆತ ಹೇಳಿದ. ಆಕೆ ತೊಟ್ಟಿಯೊಳಗೆ ಕೈ ಅದ್ದಿ ಮೂಸಿ ನೋಡಿ ನನ್ನ ಕಡೆ ಕೈ ಚಾಚಿದಳು. ನನಗೆ ಮೂಸುವುದೇನೂ ಬೇಕಿರಲಿಲ್ಲ.

ತೇಜಾಬು ಎಂದು ಒಪ್ಪಿಕೊಂಡೆ. ನಾನೇ ತೊಳೆಯಲಿಲ್ಲ ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ನನಗೂ ಏನಾದರೂ ಅನ್ನಿಸುತ್ತಿತ್ತೋ ಏನೋ. ವಾಷಿಂಗ್ ಸೋಡಾ ಹಾಕಿ ಮೂರು ಸಲ, ಬೂದಿ ಹಾಕಿ ಒಂದು ಸಲ ತೊಳೆದು, ಮೂರು ದಿನ ಹೊಳೆಯ ನೀರು ತುಂಬಿಸಿ ಚೆಲ್ಲಿ ಮತ್ತೆ ತುಂಬಿಸಿದೆ. ನಾಲ್ಕನೆಯ ದಿನ ಹಾಕಿದ ಮೀನುಗಳು ಒಂದು ತಾಸು ಬದುಕಿದವು. ದಂಡೆ ಮುಟ್ಟುವಾಗ ಎಂಟರಲ್ಲಿ ಒಂದು ಮಾತ್ರ ಬಾಯಿ ಬಿಡುತ್ತಿತ್ತು. ಹೊಸ ತಗಡಿನ ಸತುವೇ ನೀರಿಗೆ ಇಳಿದು ಮೀನಿಗೆ ವಿಷವಾಗುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ಕಂಡದ್ದು ಇಷ್ಟೇ: ನೀರು ಮೈ ತೊಳೆಯಲು ಕಾಯಿಸಿದಷ್ಟು ಬಿಸಿಯಾಗಿತ್ತು. ಬಿಸಿಲಲ್ಲಿ ಕಾದ ತಗಡಿನೊಳಗೆ ನಿಂತ ನೀರು ಮತ್ತೇನಾಗುತ್ತದೆ.

ಮದುವೆಗೆ ಎಂಟು ದಿನ ಉಳಿದಿತ್ತು. ಇದು ನಮ್ಮ ಹಣೆಯಲ್ಲಿಲ್ಲ, ಕ್ಯಾಂಪಿಗೆ ಹೋಗಿ ಆಗುವುದಿಲ್ಲ ಎಂದು ಹೇಳಿ ಬರುತ್ತೇನೆ ಎಂದ ಗಂಡ. ಆಕೆ ಉಳಿದ ಒಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹೊಳೆಯ ನೀರಲ್ಲಿ ಹಿಡಿದುಕೊಂಡಿದ್ದಳು. ಹಾಗೆ ಹಿಡಿದಿದ್ದಾಗ ಅದರ ಕಿವಿರು ಮೆಲ್ಲಗೆ ಆಡತೊಡಗಿತು. ಸ್ವಲ್ಪ ಹೊತ್ತಿಗೆ ಬಾಲ ಬಡಿದು ಕೈಯಿಂದ ಜಾರಿ ಹೋಯಿತು. ಆಕೆ ಅದು ಹೋದ ಕಡೆ ನೋಡುತ್ತಲೇ ಹೇಳಿದಳು:

"ಬಲ್ಯಾಗ ಸಿಕ್ಕ ಮೀನು ಹೊಳ್ಯಾಗ ಇರೂತನ ಸಾಯೂದಿಲ್ಲ ತಮ್ಮಾ. ನೀ ಹೊಳಿ ನೀರು ತುಂಬೀದಿ. ಹೊಳಿ ತುಂಬಿಲ್ಲ."

ಬಸ್ಸಿನಲ್ಲಿ ಸಿಂಧನೂರಿಗೆ ಬರುವಾಗ ಆ ಮಾತು ತಲೆಯಲ್ಲೇ ಇತ್ತು. ಮಾತಿನ ಚಂದಕ್ಕಲ್ಲ. ಅದೊಂದು ಅಳತೆಯ ಮಾತಾಗಿತ್ತು. ನೀರು ಒಳಗೆ ಬಂದು ಹೊರಗೆ ಹೋಗುತ್ತಿರಬೇಕು. ಹಾಗಾದರೆ ದೋಣಿಯೊಳಗೆ ತೊಟ್ಟಿ ಇಡುವುದಲ್ಲ, ದೋಣಿಯ ನಡುವಿನ ಒಂದು ತುಂಡನ್ನು ಹೊಳೆಗೇ ಬಿಟ್ಟುಕೊಡಬೇಕು. ಎರಡು ಅಡ್ಡಗೋಡೆ ಕಟ್ಟಿ, ನಡುವಿನ ತಳಕ್ಕೆ ತೂತು ಹೊಡೆಯಬೇಕು. ದೋಣಿ ಮುಳುಗುವುದಿಲ್ಲವೇ? ಗೊತ್ತಿರಲಿಲ್ಲ. ಅಂಗಡಿಗೆ ಬಂದು ಒಂದು ಸೀಮೆಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿದೆ. ಒಂದು ಭಾಗದಲ್ಲಿ ಎರಡು ಅಡ್ಡ ತಗಡು ಬೆಸೆದು, ನಡುವಿನ ತಳಕ್ಕೆ ಮೊಳೆಯಿಂದ ತೂತು ಮಾಡಿ, ನೀರಿನ ಟಾಕಿಯಲ್ಲಿ ಬಿಟ್ಟೆ. ನಡುವಿನ ಕೋಣೆಗೆ ನೀರು ಚಿಮ್ಮಿತು. ಡಬ್ಬ ಎರಡು ಬೆರಳು ಕೆಳಗಿಳಿಯಿತು. ಆಮೇಲೆ ಒಳಗಿನ ನೀರು ಹೊರಗಿನ ನೀರಿನ ಮಟ್ಟಕ್ಕೆ ನಿಂತುಬಿಟ್ಟಿತು. ಡಬ್ಬ ತೇಲುತ್ತಲೇ ಇತ್ತು.

ಅದನ್ನು ಚೀಲದಲ್ಲಿ ಹಾಕಿಕೊಂಡು ಮರುದಿನ ಮುಕ್ಕುಂದಕ್ಕೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೀರಲ್ಲಿ ಬಿಟ್ಟು ತೋರಿಸಿದೆ. ಗಂಡ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಬೆರಳಿಂದ ಒತ್ತಿದ. ಮುಂದೊಂದು ಹಿಂದೊಂದು ಕಲ್ಲಿಟ್ಟ. ಅಡ್ಡ ಅಲುಗಾಡಿಸಿದ. ನಡುವಿನ ನೀರು ಈಗ ಪಕ್ಕಕ್ಕೆ ನುಗ್ಗಿ ಡಬ್ಬವನ್ನು ಕೆಡವುತ್ತಿರಲಿಲ್ಲ. ಕೊನೆಗೆ ಡಬ್ಬವನ್ನು ಎತ್ತಿ ನೀರು ಸೋರಿ ಹೋಗುವುದನ್ನು ನೋಡುತ್ತ ಅಂದ:

"ಮೂವತ್ತು ವರ್ಷ ದೋಣಿ ತೂತು ಮುಚ್ಚೂದ ಮಾಡೀನ್ರಿ. ಈಗ ನನ್ನ ಕೈಲೆ ತೂತು ಹೊಡಿ ಅಂತೀರಿ."

ನಿಮ್ಮ ಕೈಯಿಂದಲ್ಲ, ನಾನು ಹೊಡೆಯುತ್ತೇನೆ ಎಂದೆ. ಮುಳುಗಿದರೆ ಎಂದು ಕೇಳಿದ. ಇದ್ದದ್ದು ಒಂದೇ ದೋಣಿ. ಅದು ಹೋದರೆ ಅವರು ಗದ್ದೆಯ ಕೂಲಿಗೆ ಹೋಗಬೇಕಾಗಿತ್ತು, ಮತ್ತು ಇಬ್ಬರಿಗೂ ಅದು ಬಾರದ ಕೆಲಸ. ಮುಳುಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಡಬ್ಬ ಮುಳುಗಿಲ್ಲ, ದೋಣಿಯದು ಗೊತ್ತಿಲ್ಲ ಎಂದೆ. ಆತ ಹೆಂಡತಿಯ ಮುಖ ನೋಡಿದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಹೊಡೆಯಲಿ ಬಿಡು ಎಂದಳು.

ಅಡ್ಡಗೋಡೆಗೆ ಒಣಗಿದ ಸಾಗವಾನಿ ಹಲಗೆ ಬೇಕಿತ್ತು. ಸಿಂಧನೂರಿನಲ್ಲಿ ಸಿಕ್ಕದ್ದು ಹಸಿ. ಲಿಂಗಸುಗೂರಿನ ಕಟ್ಟಿಗೆ ಅಡ್ಡೆಯಲ್ಲಿ ಹಳೆಯ ಬಾಗಿಲುಗಳನ್ನು ಒಡೆದು ಮಾರುತ್ತಾರೆ ಎಂದು ಕೇಳಿ ಅಲ್ಲಿಗೆ ಹೋಗಿ, ಒಂದೂವರೆ ಅಂಗುಲ ದಪ್ಪದ ನಾಲ್ಕು ಹಲಗೆ ಆರಿಸಿ ತಂದೆ. ಮರಗೆಲಸ ನನ್ನದಲ್ಲ, ಆದರೆ ಬಾಗಿದ ಮೈಗೆ ತಗಡು ಕೂಡಿಸುವುದು ಗೊತ್ತು. ಮೊದಲು ತಗಡಿನಲ್ಲಿ ದೋಣಿಯ ಒಳಬಾಗಿನ ಆಕಾರ ಕತ್ತರಿಸಿ, ಅದು ಎಲ್ಲೂ ಬೆಳಕು ಬಿಡದಂತೆ ಕೂರುವವರೆಗೂ ಅರ ಹಾಕಿ, ಆಮೇಲೆ ಅದೇ ಅಳತೆಗೆ ಹಲಗೆ ಕೊಯ್ದೆ. ಸಂದಿ ತುಂಬುವುದು ಗಂಡನ ಕೆಲಸ. ಸೆಣಬಿನ ನಾರಿಗೆ ರಾಳ ಮತ್ತು ಎಣ್ಣೆ ಕಾಯಿಸಿ ಕಲಸಿ, ಮೊಂಡು ಉಳಿಯಿಂದ ಬಡಿದು ಬಡಿದು ತುಂಬಿದ. ಗೋಡೆಗಳನ್ನು ದೋಣಿಯ ಅಂಚಿನವರೆಗೂ ಎತ್ತರಿಸಿದೆವು. ಮರಳು ಚೀಲದಿಂದ ಕಂಡುಕೊಂಡ ಜಾಗವೇ ಇದಕ್ಕೂ: ಮಧ್ಯದಿಂದ ಒಂದು ಗೇಣು ಮುಂದಕ್ಕೆ. ಗೋಡೆಯಿಂದ ಗೋಡೆಗೆ ಎರಡೂವರೆ ಅಡಿ.

ಮದುವೆಗೆ ಎರಡು ದಿನ ಇರುವಾಗ ಬೆಳಿಗ್ಗೆ ದೋಣಿಯನ್ನು ದಂಡೆಯ ಮೇಲೆ ಬೋರಲು ಹಾಕಿದೆವು. ತಳದಲ್ಲಿ ಸುಣ್ಣದಿಂದ ಹನ್ನೆರಡು ಗುರುತು ಮಾಡಿದೆ. ಮುಂದಿನ ಗೋಡೆಯ ಹತ್ತಿರ ಆರು, ಹಿಂದಿನ ಗೋಡೆಯ ಹತ್ತಿರ ಆರು. ದೋಣಿ ನಡೆಯುವಾಗ ಮುಂದಿನಿಂದ ನೀರು ಹೊಕ್ಕು ಹಿಂದಿನಿಂದ ಹೊರಡಲಿ ಎಂದು ಲೆಕ್ಕ. ಕೈಬೈರಿಗೆಯ ತುದಿಯನ್ನು ಮೊದಲ ಗುರುತಿನ ಮೇಲಿಟ್ಟು ತಿರುಗಿಸತೊಡಗಿದೆ. ಹಳೆಯ ಹಲಗೆ, ಹೊರಮೈ ಕಪ್ಪು, ಒಳಗೆ ಇನ್ನೂ ಕೆಂಪು. ಸುರುಳಿ ಸುರುಳಿ ಹೊಟ್ಟು ಎದ್ದಿತು. ಗಂಡ ಅಲ್ಲಿ ನಿಲ್ಲಲಾರದೆ ದೂರ ಹೋಗಿ ಬೆನ್ನು ಮಾಡಿ ಕೂತ.

ಬೈರಿಗೆಯ ತುದಿ ಹಲಗೆಯ ಆ ಬದಿಗೆ ಹೊರಬಿದ್ದು ಕೈಗೆ ಹಗುರವಾಯಿತು. ಕೈ ನಿಲ್ಲಿಸಿದೆ. ಏನಾಯಿತು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೆದರಿಕೆಯಾಗಿತ್ತು. ಅವರ ದೋಣಿಯನ್ನು ನಾನು ಕೆಡಿಸುತ್ತಿದ್ದೇನೋ ಎಂಬ ಹೆದರಿಕೆ. ಎರಡು ತಿಂಗಳಲ್ಲಿ ಅದೇ ಮೊದಲು. ಆಕೆ ಯಾಕೆ ನಿಲ್ಲಿಸಿದೆ ಎಂದು ಕೇಳಿದಳು. ಏನಿಲ್ಲ ಎಂದು ಎರಡನೆಯದಕ್ಕೆ ಬೈರಿಗೆ ಇಟ್ಟೆ. ಹನ್ನೆರಡೂ ಮುಗಿಯುವವರೆಗೆ ಕೈ ಬೆವರುತ್ತಲೇ ಇತ್ತು. ತೂತಿನ ಅಂಚುಗಳನ್ನು ಕಾಯಿಸಿದ ಸಲಾಕೆಯಿಂದ ಸುಟ್ಟು ನುಣುಪು ಮಾಡಿದೆ, ಮೀನಿನ ಮೂತಿಗೆ ಸಿಬಿರು ತಾಗಬಾರದೆಂದು. ಪ್ರತಿ ತೂತಿಗೂ ಒಳಗಿನಿಂದ ಜಡಿಯುವಂಥ ಜಾಲಿ ಕಟ್ಟಿಗೆಯ ಬೆಣೆ ಕೆತ್ತಿದೆವು.

ಬೆಣೆ ಹಾಕಿಯೇ ದೋಣಿಯನ್ನು ನೀರಿಗಿಳಿಸಿದೆವು. ಗಂಡ ಹಿಂದೆ, ಆಕೆ ತನ್ನ ಜಾಗದಲ್ಲಿ, ನಾನು ಡಬ್ಬ ಕಟ್ಟಿಕೊಂಡು ಎರಡು ಗೋಡೆಗಳ ನಡುವಿನ ಹೊಸ ತೊಟ್ಟಿಯ ಪಕ್ಕ. ಮೊಣಕಾಲುದ್ದ ನೀರಲ್ಲಿ ಮೊದಲ ಬೆಣೆ ಕಿತ್ತೆ. ಹೆಬ್ಬೆರಳು ಗಾತ್ರದ ನೀರು ಬುಗ್ಗೆಯಾಗಿ ಎದ್ದಿತು. ಗಂಡನ ಬಾಯಿಂದ ಒಂದು ಸದ್ದು ಬಂತು. ಎರಡು, ಮೂರು, ನಾಲ್ಕು, ಹನ್ನೆರಡನ್ನೂ ಕಿತ್ತೆ. ನೀರು ತಳ ಮುಚ್ಚಿತು, ಏರಿತು, ಒಂದು ಗೇಣು ಆಯಿತು. ದೋಣಿ ಇಳಿಯುತ್ತಿರುವುದು ಕುಂಡೆಗೆ ತಿಳಿಯುತ್ತಿತ್ತು. ಒಂದು ಗೇಣಿನ ಮೇಲೆ ಎರಡು ಬೆರಳು ಏರಿ ನೀರು ನಿಂತಿತು. ದೋಣಿ ಮೊದಲಿಗಿಂತ ಮೂರು ಬೆರಳು ಕೆಳಗೆ ಕೂತಿತ್ತು. ಹಿಂದಿನ ಗೋಡೆಯ ಎಡ ಮೂಲೆಯಲ್ಲಿ ಸಣ್ಣಗೆ ಜಿನುಗುತ್ತಿತ್ತು. ಗಂಡ ಬೆರಳಿಂದಲೇ ನಾರು ಒತ್ತಿದ. ಅಂಚಿನಿಂದ ಹೊರಗಿನ ನೀರಿಗೆ ಇನ್ನೂ ಮುಕ್ಕಾಲು ಅಡಿ ಇತ್ತು. ಆತ ಗಳ ಒತ್ತಿದ. ದೋಣಿ ನಡೆಯಿತು, ಸ್ವಲ್ಪ ಸೋಮಾರಿಯಾಗಿ. ತೊಟ್ಟಿಯ ಮುಂಭಾಗದಲ್ಲಿ ನೀರು ಕದಲಿ ಹಿಂದಕ್ಕೆ ಹರಿಯುವುದು ಕಾಣಿಸಿತು. ಹಳೆಯ ಬಲೆಗಳಲ್ಲಿ ಒಂದನ್ನು ಇನ್ನು ದಂಡೆಯಲ್ಲೇ ಬಿಡಬೇಕು ಎಂದು ಮಾತ್ರ ಹೇಳಿದ.

ಮದುವೆಯ ದಿನ ನಾನೂ ಹೋದೆ. ನಸುಕಿಗೆ ಮೇಲಿನ ಮಡುವಿನಲ್ಲಿ ಬಲೆ ಎತ್ತಿದರು. ಆಕೆ ಒಂದೊಂದೇ ಗೆಂಡೆಯನ್ನು ಬಲೆಯಿಂದ ಬಿಡಿಸಿ, ಒದ್ದೆ ಕೈಯಿಂದಲೇ ಹಿಡಿದು, ಎಸೆಯದೆ ನೀರಿಗೆ ಇಳಿಬಿಟ್ಟಳು. ಇಪ್ಪತ್ತನಾಲ್ಕು. ದಾರಿಯುದ್ದಕ್ಕೂ ಗಂಡ ದೋಣಿಯನ್ನು ಎಲ್ಲಿಯೂ ನಿಲ್ಲಿಸಲಿಲ್ಲ; ನಿಂತರೆ ಒಳಗಿನ ನೀರೂ ನಿಲ್ಲುತ್ತದೆ. ಒಂದು ಕಡೆ ಬಂಡೆಗೆ ತಳ ಉಜ್ಜಿ ದೋಣಿ ಸಿಕ್ಕಿಕೊಂಡಿತು. ಗಂಡಹೆಂಡಿರು ಇಳಿದು ತಳ್ಳುವಷ್ಟು ಹೊತ್ತು ನಾನು ತಂಬಿಗೆಯಿಂದ ತೊಟ್ಟಿಯ ನೀರನ್ನು ಎತ್ತಿ ಎತ್ತಿ ಹೊಯ್ಯುತ್ತಿದ್ದೆ. ಎರಡು ಮೀನು ಮಗ್ಗುಲಾಗಿ ಸತ್ತವು. ಉಳಿದವು ಮೂತಿಯನ್ನು ಹರಿವಿನ ಕಡೆ ಮಾಡಿಕೊಂಡು ಸಾಲಾಗಿ ನಿಂತಿದ್ದವು.

ಕ್ಯಾಂಪಿನ ಹಿರಿಯರು ಟ್ರ್ಯಾಕ್ಟರಿನಲ್ಲಿ ಎರಡು ಬ್ಯಾರಲ್ ನೀರು ತುಂಬಿಕೊಂಡು ದಂಡೆಯಲ್ಲಿ ಕಾಯುತ್ತಿದ್ದರು. ಬದುಕಿವೆಯಾ ಎಂದು ತೆಲುಗಿನಲ್ಲಿ ಕೇಳುತ್ತಲೇ ನೀರಿಗಿಳಿದು ತೊಟ್ಟಿಗೆ ಕೈ ಹಾಕಿದರು. ಮದುವೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಗೆಂಡೆ ಬಾಲ ಬೀಸಿ ಅದನ್ನು ಎದೆವರೆಗೆ ತೋಯಿಸಿತು. ಅವರು ಅಂಗಿ ನೋಡಿಕೊಂಡು ನಕ್ಕರು. ಇನ್ನು ಪ್ರತಿ ಬುಧವಾರ ಬರುತ್ತೇನೆ ಎಂದರು. ಇಪ್ಪತ್ತನ್ನು ಎಣಿಸಿ ಬ್ಯಾರಲ್ಲಿಗೆ ಹಾಕಿಕೊಂಡು ಹೊರಟುಹೋದರು. ಗಂಡ ನೀರಲ್ಲೇ ನಿಂತು ತೊಟ್ಟಿಯ ಗೋಡೆಯನ್ನು ಸವರುತ್ತಿದ್ದ. ಆಮೇಲೆ ಬಂದು ನನ್ನ ಬೆನ್ನಿನ ಡಬ್ಬದ ಗಂಟು ಬಿಚ್ಚಿಕೊಟ್ಟ.

ಉಳಿದ ಎರಡು ಮೀನಿನಲ್ಲಿ ಒಂದನ್ನು ಆಕೆ ಬಕೆಟ್ಟಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಬೇಡ ಎನ್ನಬಹುದಿತ್ತು. ಆಯಿತು ಎಂದು ತಗೊಂಡೆ. ಬಸ್ಸಿನಲ್ಲಿ ಬಕೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡಿದ್ದೆ. ಸಿಂಧನೂರು ಮುಟ್ಟುವಾಗಲೂ ಅದು ಬದುಕಿತ್ತು.

ಮನೆಗೆ ಬಂದು ಬಕೆಟ್ಟನ್ನು ಕೆಳಗಿಟ್ಟ ಮೇಲೆ ನನಗೆ ಗೊತ್ತಾಯಿತು, ಇದನ್ನು ಬೇಯಿಸುವವರು ಯಾರೂ ಇಲ್ಲ ಎಂದು. ಎರಡು ತಿಂಗಳಿಂದ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅಡುಗೆಮನೆಯ ಬಾಗಿಲು ಹಾಗೇ ಮುಚ್ಚಿತ್ತು. ಪಕ್ಕದ ಮನೆಗೆ ಕೊಟ್ಟುಬಿಡೋಣವೆಂದು ಎದ್ದೆ, ಮತ್ತೆ ಕೂತೆ. ಕೊನೆಗೆ ಮೀನನ್ನು ಕೊಯ್ದು ತೊಳೆದೆ. ಅದರಲ್ಲಿ ಕಷ್ಟವೇನಿರಲಿಲ್ಲ. ಒಲೆ ಹಚ್ಚಿ, ಬೋಗುಣಿ ಇಟ್ಟು, ಖಾರದಪುಡಿಗೆಂದು ಗೂಡಿನ ಕಡೆ ತಿರುಗಿದೆ.

ಮೂರು ಸಾಲಿನಲ್ಲಿ ಇಪ್ಪತ್ತೊಂದು ಡಬ್ಬಿಗಳಿದ್ದವು. ಹನ್ನೊಂದು ವರ್ಷದ ಸಂಸಾರದಲ್ಲಿ ಒಂದೊಂದನ್ನೂ ನಾನೇ ಮಾಡಿ ಹೆಂಡತಿಗೆ ತಂದುಕೊಟ್ಟದ್ದು. ಯಾವುದು ಯಾವ ವರ್ಷದ್ದು, ಯಾವುದರ ಮುಚ್ಚಳ ಬಿಗಿ, ಯಾವುದರ ತಳಕ್ಕೆ ಎರಡು ಸಲ ಬೆಸುಗೆ ಹಾಕಿದ್ದೆ, ಎಲ್ಲ ಗೊತ್ತಿತ್ತು. ಯಾವುದರಲ್ಲಿ ಏನಿದೆ ಎಂಬುದು ಒಂದೂ ಗೊತ್ತಿರಲಿಲ್ಲ.

ಮೊದಲನೆಯದನ್ನು ತೆಗೆದೆ, ಎಳ್ಳು. ಎರಡನೆಯದರಲ್ಲಿ ಪುಟಾಣಿ ಕಡಲೆ. ಮೂರನೆಯದರಲ್ಲಿ ಅರಿವೆಯ ಗಂಟಿನಲ್ಲಿ ಕಟ್ಟಿದ ಅರಿಸಿನ ಕೊಂಬು. ನಾಲ್ಕನೆಯದರಲ್ಲಿ ಗುರೆಳ್ಳಿನ ಪುಡಿ, ಹೆಂಡತಿ ಮಾಡಿಟ್ಟದ್ದು, ಮೇಲೆ ಒಂದು ಚಮಚ ಹಾಗೇ ನೆಟ್ಟಿತ್ತು. ಆ ಚಮಚ ನೋಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಒಲೆಯ ಮುಂದೆ ನೆಲದ ಮೇಲೆ ಕೂತು ಅತ್ತೆ. ಅಷ್ಟು ದಿನದ್ದೆಲ್ಲ ಒಮ್ಮೆಗೇ ಬಂತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತದ್ದು ತಿಳಿಯಿತು, ಅವರು ಒಳಗೆ ಬರದೆ ತಿರುಗಿ ಹೋದದ್ದೂ ತಿಳಿಯಿತು.

ಖಾರದಪುಡಿ ಸಿಕ್ಕದ್ದು ಹದಿನಾಲ್ಕನೆಯ ಡಬ್ಬಿಯಲ್ಲಿ. ಎಷ್ಟು ಹಾಕಬೇಕೆಂದು ಗೊತ್ತಿಲ್ಲದೆ ಹೆಚ್ಚು ಹಾಕಿದೆ. ಮೊದಲ ತುತ್ತಿಗೇ ಬಾಯಿ ಉರಿದು ನೀರಿಗಾಗಿ ಎದ್ದು ಓಡಿದೆ. ನೀರು ಕುಡಿದು ಬಂದು, ಮತ್ತೆ ಕೂತು, ಪೂರಾ ಉಂಡೆ.